ಗಡಿ ದಾಟುವ ಫೋನು: ಅಡ್ಡಿ ಅಲೆಯದೋ, ಲೆಕ್ಕದ್ದೋ?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕು ಭೂಪಟದಲ್ಲಿ ಆಂಧ್ರಪ್ರದೇಶದೊಳಕ್ಕೆ ಚಾಚಿಕೊಂಡ ನಾಲಗೆಯಂತೆ ಕಾಣುತ್ತದೆ. ಪೂರ್ವಕ್ಕೆ ಆಂಧ್ರದ ರಾಯದುರ್ಗ, ಉತ್ತರಕ್ಕೆ ಬಳ್ಳಾರಿ. ಈ ತಾಲ್ಲೂಕಿನ ದೇವಸಮುದ್ರ ಹೋಬಳಿಯ ಜನರಿಗೆ ಸಂತೆ, ಸಂಬಂಧ, ಆಸ್ಪತ್ರೆ ಎಲ್ಲವೂ ಗಡಿಯ ಆಚೆ ಈಚೆ ಹರಡಿಕೊಂಡಿವೆ. ರಾಂಪುರದಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಂತೂ ನಡುವೆ ಡಿ. ಹಿರೇಹಾಳ್ ಬಳಿ ಆಂಧ್ರದ ನೆಲವನ್ನು ತುಳಿದೇ ಮುಂದೆ ಸಾಗುತ್ತದೆ. ಕರ್ನಾಟಕದಿಂದ ಹೊರಟು ಕರ್ನಾಟಕಕ್ಕೇ ಹೋಗುವ ಪ್ರಯಾಣಿಕ ನಡುದಾರಿಯಲ್ಲಿ ಸ್ವಲ್ಪ ಹೊತ್ತು ಪರರಾಜ್ಯದವನಾಗುತ್ತಾನೆ. ಬಸ್ಸಿನಲ್ಲಿ ಕುಳಿತವನಿಗೆ ಇದರ ಅರಿವಾಗುವುದೂ ಕಷ್ಟ. ಹೊಲಗಳು ಅವೇ, ಜಾಲಿ ಗಿಡಗಳು ಅವೇ, ಮಾತೂ ಬಹುಪಾಲು ಅದೇ.

ಆದರೆ ಬಹಳ ವರ್ಷಗಳ ಕಾಲ ಆತನ ಜೇಬಿನಲ್ಲಿದ್ದ ಫೋನಿಗೆ ಮಾತ್ರ ಗಡಿ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಆಂಧ್ರದ ಗೋಪುರದ ಸಿಗ್ನಲ್ ಸಿಕ್ಕ ಕ್ಷಣ ಅದು ಪರಸ್ಥಳದ ಫೋನಾಗುತ್ತಿತ್ತು. ಆಮೇಲೆ ಬಂದ ಕರೆಗೂ ದುಡ್ಡು, ಮಾಡಿದ ಕರೆಗೆ ಹೆಚ್ಚು ದುಡ್ಡು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಯ ಸುದ್ದಿ ಕೇಳಲು ಊರಿನಿಂದ ಬಂದ ಕರೆಯನ್ನು ದಾರಿಯಲ್ಲಿದ್ದವನು ತೆಗೆದುಕೊಳ್ಳುವ ಮುನ್ನ ಕರೆನ್ಸಿ ಎಷ್ಟಿದೆಯೆಂದು ಯೋಚಿಸಬೇಕಾಗಿತ್ತು. ವಿದೇಶಕ್ಕೆ ಹೋದ ಎಂಜಿನಿಯರಿಗೆ ನ್ಯೂಯಾರ್ಕಿನಲ್ಲಿ ಎದುರಾದ ತೊಡಕು ದೇವಸಮುದ್ರದ ರೈತನಿಗೆ ತನ್ನ ಹೊಲದ ಬದುವಿನ ಮೇಲೆಯೇ ಎದುರಾಗುತ್ತಿತ್ತು.

ಈ ತೊಡಕು ವಿಜ್ಞಾನದ್ದೋ, ವ್ಯವಹಾರದ್ದೋ? ಒಂದು ಊರಿನ ಫೋನು ಇನ್ನೊಂದು ಊರಿನಲ್ಲಿ ಮೂಕವಾಗಲು ರೇಡಿಯೋ ಅಲೆಗಳು ಕಾರಣವೋ, ಲೆಕ್ಕದ ಪುಸ್ತಕಗಳು ಕಾರಣವೋ? ಮೊಬೈಲಿನ ಚರಿತ್ರೆಯನ್ನು ನೋಡಿದರೆ ಎರಡೂ ಉಂಟು. ಆದರೆ ಸಾಮಾನ್ಯರನ್ನು ಹೆಚ್ಚು ಕಾಡಿದ್ದು ಎರಡನೆಯದು.

ಬ್ರಹ್ಮಗಿರಿಯ ಬಂಡೆ

ಸಂದೇಶವೊಂದು ತನ್ನದಲ್ಲದ ವ್ಯವಸ್ಥೆಯೊಳಗೆ ಪ್ರಯಾಣ ಮಾಡುವ ಸಮಸ್ಯೆ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಕಳುಹಿಸಿದ ಸಂದೇಶದ ರೂಪದಲ್ಲಿ ಬ್ರಹ್ಮಗಿರಿಯ ಶಾಸನ ಆರಂಭವಾಗುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ. ಆದರೆ ‘ಲಿಪಿಕಾರನಿಂದ’ ಎಂಬರ್ಥದ ಮಾತನ್ನು ಮಾತ್ರ ಆತ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ಅದು ಬಳಕೆಯಲ್ಲಿದ್ದದ್ದು ಭಾರತದ ವಾಯವ್ಯ ಗಡಿಯ ಗಾಂಧಾರದ ಕಡೆಗೆ.

ಸಾವಿರಾರು ಮೈಲಿ ದೂರದ ಲಿಪಿಯ ಆ ಒಂದು ಪದವನ್ನು ಇಲ್ಲಿ ಓದಬಲ್ಲವರು ಬಹುಶಃ ಚಪಡನ ಹೊರತು ಇನ್ನಾರೂ ಇರಲಿಲ್ಲ. ಸಂದೇಶ ತಲುಪಬೇಕಾದರೆ ಕಳುಹಿಸುವವನೂ ಪಡೆಯುವವನೂ ಒಂದೇ ಸಂಕೇತವನ್ನು ಒಪ್ಪಿಕೊಂಡಿರಬೇಕು ಎಂಬ ಪಾಠ ಆ ಬಂಡೆಯ ಮೇಲಿದೆ.

ಸಂಕೇತ ಒಂದೇ ಆದರೂ ಸಾಲದು. ಸಾಗಿಸಿದ್ದಕ್ಕೆ ಕೂಲಿ ಯಾರು ಕೊಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಿಂದ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ‘ಅಂಚೆ’ ವ್ಯವಸ್ಥೆ ಇತ್ತು. ಮೊಳಕಾಲ್ಮುರು ಮೈಸೂರಿಗೆ ಸೇರಿತ್ತು; ಪಕ್ಕದ ರಾಯದುರ್ಗ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಕೆಲವೇ ಮೈಲಿ ಅಂತರದ ಎರಡು ಊರುಗಳು ಎರಡು ಆಡಳಿತಗಳಲ್ಲಿದ್ದವು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಕಾಗದಕ್ಕೆ ಇದ್ದ ಗಡಿ ಹೋಯಿತು. ‘ಅಂಚೆ’ ಎಂಬ ಪದ ಮಾತ್ರ ಕನ್ನಡದಲ್ಲಿ ಉಳಿಯಿತು.

ದೇಶ ದೇಶಗಳ ನಡುವೆ ಇದೇ ಕೆಲಸ ಅದಕ್ಕೂ ಮುಂಚೆ ನಡೆದಿತ್ತು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದದಿಂದ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಹುಟ್ಟಿತು. 1876ರಲ್ಲಿ ಭಾರತವೂ ಸೇರಿತು. ಅಲ್ಲಿ ಒಪ್ಪಿಕೊಂಡ ಸೂತ್ರ ತೀರ ಸರಳ: ಪ್ರತಿ ದೇಶವೂ ತಾನು ಮಾರಿದ ಅಂಚೆಚೀಟಿಯ ಹಣವನ್ನು ತಾನೇ ಇಟ್ಟುಕೊಳ್ಳಲಿ, ಹೊರಗಿನಿಂದ ಬಂದ ಕಾಗದವನ್ನು ಬೇರೆ ಕೂಲಿ ಕೇಳದೆ ಮುಟ್ಟಿಸಲಿ. ಹೋದ ಕಾಗದಕ್ಕೆ ಉತ್ತರ ಬಂದೇ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಸುಮಾರು ಒಂದು ಶತಮಾನ ಕಾಲ ಈ ಸೂತ್ರದ ಮೇಲೆ ಲೋಕದ ಕಾಗದಗಳೆಲ್ಲ ಓಡಾಡಿದವು. ಗಡಿ ದಾಟುವ ಸಂದೇಶಕ್ಕೆ ಸುಂಕವಿಲ್ಲದ ದಾರಿಯೊಂದು ಸಾಧ್ಯ ಎಂಬುದು ಮೊಬೈಲು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಗೊತ್ತಿದ್ದ ವಿಷಯ.

ಗೋಡೆಗೆ ಕಟ್ಟಿದ ಫೋನು

ತಂತಿಯ ದೂರವಾಣಿಗೆ ಈ ಸಮಸ್ಯೆ ಇರಲಿಲ್ಲ. ಫೋನು ಗೋಡೆಗೆ ಅಂಟಿಕೊಂಡಿರುತ್ತಿತ್ತು. ಊರು ಬಿಟ್ಟವನು ಹೋದ ಊರಿನ ಫೋನಿನಲ್ಲಿ ಮಾತಾಡುತ್ತಿದ್ದ. ಇದ್ದ ಕಷ್ಟ ಬೇರೆ: ಫೋನೇ ಇರಲಿಲ್ಲ. ದೂರದೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. 1960ರಲ್ಲಿ ಲಖನೌ ಮತ್ತು ಕಾನ್ಪುರದ ನಡುವೆ ದೇಶದ ಮೊದಲ ಎಸ್‌ಟಿಡಿ ಸಂಪರ್ಕ ಆರಂಭವಾದರೂ ಹಳ್ಳಿಗಳಿಗೆ ಅದು ಬರಲು ದಶಕಗಳೇ ಹಿಡಿದವು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಧೂಳು ಮತ್ತು ಬಿಸಿಲನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ಕೆಲಸ ಮಾಡಬಲ್ಲ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅಂಥ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ಕರ್ನಾಟಕದ ಕಿತ್ತೂರಿನಲ್ಲಿ. ಆಮೇಲೆ ಊರೂರಿಗೂ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದವು. ಬೂತಿನವನಿಗೆ ಗ್ರಾಹಕ ಯಾವ ರಾಜ್ಯದವನೆಂಬುದು ಮುಖ್ಯವಾಗಿರಲಿಲ್ಲ. ಮೀಟರು ಎಷ್ಟು ಓಡಿತೆಂಬುದಷ್ಟೇ ಮುಖ್ಯವಾಗಿತ್ತು.

ಫೋನು ಮನುಷ್ಯನ ಜೊತೆ ನಡೆಯತೊಡಗಿದ ಮೇಲೆಯೇ, ಇದು ಯಾವ ಊರಿನ ಫೋನು ಎಂಬ ಪ್ರಶ್ನೆ ಹುಟ್ಟಿದ್ದು.

ದೇಶವನ್ನು ಹಂಚಿದ ವೃತ್ತಗಳು

1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆಯೆಂದು ದಾಖಲಾಗಿದೆ. ಆಗ ನಿಮಿಷಕ್ಕೆ 16 ರೂಪಾಯಿ ಆಸುಪಾಸಿನ ದರವಿತ್ತು. ಕರೆ ಮಾಡಿದವನ ಜೊತೆಗೆ ಕರೆ ಪಡೆದವನೂ ಹಣ ತೆರಬೇಕಿತ್ತು.

ಪರವಾನಗಿ ಕೊಡುವಾಗ ಸರ್ಕಾರ ಇಡೀ ದೇಶವನ್ನು ಒಂದೇ ಎಂದು ಎಣಿಸಲಿಲ್ಲ. ದೊಡ್ಡ ನಗರಗಳನ್ನು ಬೇರೆ ಮಾಡಿ, ಉಳಿದ ಭಾಗವನ್ನು ‘ವೃತ್ತ’ಗಳಾಗಿ ಹಂಚಿತು. ಪ್ರತಿ ವೃತ್ತಕ್ಕೂ ಬೇರೆ ಹರಾಜು, ಬೇರೆ ಪರವಾನಗಿ, ಬೇರೆ ಶುಲ್ಕ. ವೃತ್ತಗಳು ಬಹುಮಟ್ಟಿಗೆ ರಾಜ್ಯಗಳ ಗಡಿಯನ್ನೇ ಅನುಸರಿಸಿದವು. ಆದರೆ ಎಲ್ಲ ಕಡೆಯೂ ಅಲ್ಲ. ಗೋವಾ ಮಹಾರಾಷ್ಟ್ರದ ವೃತ್ತಕ್ಕೆ ಸೇರಿತು, ಮುಂಬೈ ಅದೇ ಮಹಾರಾಷ್ಟ್ರದಿಂದ ಹೊರಗುಳಿಯಿತು. ಹರಿಯಾಣದ ಗುರುಗ್ರಾಮ, ಉತ್ತರ ಪ್ರದೇಶದ ನೊಯಿಡಾ ದೆಹಲಿಯ ಪಾಲಾದವು. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾದರೂ ಪರವಾನಗಿಯ ಲೆಕ್ಕದಲ್ಲಿ ಅದು ಆಂಧ್ರಪ್ರದೇಶ ವೃತ್ತದೊಳಗೇ ಉಳಿಯಿತು. ಹೀಗಾಗಿ ಫೋನಿನ ಗಡಿ ಭಾಷೆಯದೂ ಅಲ್ಲ, ಬೆಟ್ಟ ನದಿಗಳದೂ ಅಲ್ಲ, ಹರಾಜಿನ ಕಡತದ್ದು.

ಕರ್ನಾಟಕ ವೃತ್ತದಲ್ಲಿ ಮೊದಲು ಪರವಾನಗಿ ಪಡೆದ ಖಾಸಗಿ ಸೇವೆಗಳು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಜೆಟಿ ಮೊಬೈಲ್ಸ್ ಆಂಧ್ರದಲ್ಲಿಯೂ ಪರವಾನಗಿ ಪಡೆದಿತ್ತು. 1999ರಲ್ಲಿ ಅದನ್ನು ಭಾರ್ತಿ ಕಂಪನಿ ಕೊಂಡಿತು. ಅದೇ ಏರ್‌ಟೆಲ್ ಆಯಿತು. ಎರಡೂ ರಾಜ್ಯಗಳಲ್ಲಿ ಕಂಪನಿ ಒಂದೇ, ಉಪಕರಣಗಳು ಒಂದೇ ಬಗೆಯವು, ಬಳಸುವ ತಂತ್ರಜ್ಞಾನವೂ ಒಂದೇ. ಆದರೂ ರಾಂಪುರದ ಗ್ರಾಹಕ ಡಿ. ಹಿರೇಹಾಳಿನಲ್ಲಿ ಅತಿಥಿಯೇ. ಅಲೆಗಳಿಗೆ ಯಾವ ಅಡ್ಡಿಯೂ ಇಲ್ಲದ ಕಡೆ ಲೆಕ್ಕ ಒಂದು ಗೋಡೆ ಕಟ್ಟಿತ್ತು.

ಅತಿಥಿ ಫೋನಿನ ವಿಚಾರಣೆ

ಅತಿಥಿಯನ್ನು ಜಾಲ ಗುರುತಿಸುವುದು ಹೇಗೆ? ಪ್ರತಿ ಸಿಮ್ ಕಾರ್ಡಿನೊಳಗೂ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಇದು ಜನ ಒತ್ತುವ ಹತ್ತು ಅಂಕಿಯ ಸಂಖ್ಯೆಯಲ್ಲ. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ. ಭಾರತಕ್ಕೆ 404 ಮತ್ತು 405 ಎಂಬ ಸಂಖ್ಯೆಗಳಿವೆ. ಮುಂದಿನ ಅಂಕಿಗಳು ಕಂಪನಿ ಮತ್ತು ವೃತ್ತವನ್ನು ಹೇಳುತ್ತವೆ. ಫೋನು ಹೊಸ ಜಾಲದ ಗೋಪುರಕ್ಕೆ ಈ ಸಂಖ್ಯೆಯನ್ನು ಒಪ್ಪಿಸಿದಾಗ, ಆ ಜಾಲ ಫೋನಿನ ತವರು ಕಂಪನಿಯನ್ನು ವಿಚಾರಿಸುತ್ತದೆ: ಇವನು ನಿಮ್ಮವನೇ, ಇವನ ಖರ್ಚಿಗೆ ನೀವು ಹೊಣೆಯೇ? ಹೌದೆಂದರೆ ಅತಿಥಿಗಳ ಪಟ್ಟಿಯಲ್ಲಿ ಹೆಸರು ಬರೆದುಕೊಂಡು ಸೇವೆ ಕೊಡುತ್ತದೆ. ತವರಿನ ದಾಖಲೆಯಲ್ಲಿ, ಈತ ಸದ್ಯ ಇಂಥ ಕಡೆ ಇದ್ದಾನೆ ಎಂದು ಬರೆಯಲಾಗುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಎರಡು ಕಂಪನಿಗಳ ನಡುವೆ ಒಪ್ಪಂದ ಇಲ್ಲದಿದ್ದರೆ ಫೋನಿಗೆ ಮಾಮೂಲು ಸೇವೆ ಸಿಗುವುದಿಲ್ಲ. ಗೋಪುರ ಕಣ್ಣೆದುರಿಗೇ ಇದ್ದರೂ ಅಷ್ಟೆ.

ಅತಿಥಿಗೆ ಕರೆ ಬಂದಾಗ ಅದು ನೇರವಾಗಿ ಅವನಿರುವಲ್ಲಿಗೆ ಹೋಗುವುದಿಲ್ಲ. ಮೊದಲು ತವರಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಕರೆ ಮಾಡಿದವನಿಗೆ ಈತ ಊರಿನಲ್ಲಿಲ್ಲವೆಂದು ತಿಳಿಯದು. ಆದ್ದರಿಂದ ಅವನು ತವರಿನವರೆಗಿನ ಹಣ ಮಾತ್ರ ಕೊಡುತ್ತಾನೆ. ತವರಿನಿಂದ ಮುಂದಿನ ದಾರಿಯ ಖರ್ಚು ಕರೆ ಪಡೆದವನ ತಲೆಗೆ. ಬಂದ ಕರೆಗೂ ದುಡ್ಡು ಏಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಗಡಿ ಹಳ್ಳಿಗಳ ತೊಂದರೆ ಇನ್ನೂ ವಿಚಿತ್ರ. ಬಯಲು ನೆಲದಲ್ಲಿ ಜಿಎಸ್‌ಎಂ ಗೋಪುರವೊಂದು 35 ಕಿಲೋಮೀಟರ್ ದೂರದವರೆಗೂ ಫೋನಿನೊಡನೆ ವ್ಯವಹರಿಸಬಲ್ಲದು. ರಾಜ್ಯದ ಗಡಿಯಲ್ಲಿ ಅಲೆಯನ್ನು ತಡೆಯುವ ಬೇಲಿ ಇಲ್ಲ. ತವರಿನ ಗೋಪುರ ಗುಡ್ಡದ ಮರೆಯಲ್ಲಿದ್ದು ಪಕ್ಕದ ರಾಜ್ಯದ ಗೋಪುರ ಬಯಲಿನಲ್ಲಿದ್ದರೆ, ಮನೆಯ ಜಗುಲಿಯ ಮೇಲೆ ಕುಳಿತವನ ಫೋನೂ ಆಚೆಯ ಜಾಲವನ್ನು ಹಿಡಿಯುತ್ತದೆ. ಒಮ್ಮೆ ಹಿಡಿದ ಮೇಲೆ ತವರಿನ ಜಾಲ ಮತ್ತೆ ಸಿಕ್ಕಿತೇ ಎಂದು ಫೋನು ಆಗಾಗ ಹುಡುಕುತ್ತದೆಯೇ ಹೊರತು ಎಡೆಬಿಡದೆ ಹುಡುಕುವುದಿಲ್ಲ. ಹಾಗೆ ಮಾಡಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಊರು ಬಿಟ್ಟು ಕದಲದವನೂ ರೋಮಿಂಗ್ ಶುಲ್ಕ ತೆರಬೇಕಾದ ಪ್ರಸಂಗಗಳು ಒದಗಿದವು. ಜಾಲವನ್ನು ಕೈಯಾರೆ ಆಯ್ಕೆ ಮಾಡಿಕೊಂಡರೆ ಇದು ತಪ್ಪುತ್ತಿತ್ತು. ಆದರೆ ಇಂಗ್ಲಿಷ್ ಪಟ್ಟಿಗಳ ಒಳಗೆ ಅಡಗಿದ್ದ ಆ ಉಪಾಯ ಎಷ್ಟು ಜನರಿಗೆ ಗೊತ್ತಿತ್ತು?

ತಾಲ್ಲೂಕಿಗೊಂದು ಬೇಲಿ

ರಾಜ್ಯದ ಗಡಿಯಷ್ಟೇ ಅಲ್ಲ, ತಾಲ್ಲೂಕಿನ ಗಡಿಯೂ ಫೋನಿಗೆ ಬೇಲಿಯಾದ ಕಾಲವೊಂದಿತ್ತು. 2001ರಲ್ಲಿ ಸರ್ಕಾರ ಸ್ಥಿರ ದೂರವಾಣಿ ಕಂಪನಿಗಳಿಗೆ ‘ಸೀಮಿತ ಸಂಚಾರ’ದ ನಿಸ್ತಂತು ಫೋನುಗಳನ್ನು ಕೊಡಲು ಅನುಮತಿಸಿತು. ಇವು ಸಿಡಿಎಂಎ ಎಂಬ ಬೇರೊಂದು ತಂತ್ರಜ್ಞಾನದ ಮೇಲೆ ನಡೆಯುತ್ತಿದ್ದವು. ಸ್ಥಳೀಯ ಕರೆಯ ವ್ಯಾಪ್ತಿಯಾಚೆ, ಅಂದರೆ ಸರಿಸುಮಾರು ಒಂದು ತಾಲ್ಲೂಕಿನಾಚೆ, ಈ ಫೋನು ನಡೆಯಕೂಡದೆಂಬುದು ನಿಯಮ. ಉಪಕರಣಕ್ಕೆ ಸಾಮರ್ಥ್ಯವಿತ್ತು, ಪರವಾನಗಿಗೆ ಇರಲಿಲ್ಲ. ಜಿಎಸ್‌ಎಂ ಕಂಪನಿಗಳೂ ಸಿಡಿಎಂಎ ಕಂಪನಿಗಳೂ ಈ ಬಗ್ಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2003ರ ನವೆಂಬರಿನಲ್ಲಿ ಸರ್ಕಾರ ಏಕೀಕೃತ ಪರವಾನಗಿ ಪದ್ಧತಿಯನ್ನು ತಂದಾಗ ಈ ಬೇಲಿ ಬಿತ್ತು.

ಅದೇ 2003ರಲ್ಲಿ ಒಳಬರುವ ಕರೆಗಳು ತವರಿನ ವೃತ್ತದೊಳಗೆ ಉಚಿತವಾದವು. ಮೊಬೈಲು ಕೂಲಿಕಾರನ ಕೈಗೂ ಬಂದದ್ದು ಆಮೇಲೆಯೇ. ಆದರೆ ವೃತ್ತದ ಗೆರೆ ದಾಟಿದರೆ ಉಚಿತವಿಲ್ಲ. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ರೋಮಿಂಗಿನ ಬಾಡಿಗೆಯನ್ನು ರದ್ದುಮಾಡಿ ದರಗಳಿಗೆ ಮಿತಿ ಹಾಕಿತು: ಒಳಬರುವ ಕರೆಗೆ ನಿಮಿಷಕ್ಕೆ 1.75 ರೂಪಾಯಿ, ಹೊರಹೋಗುವ ಸ್ಥಳೀಯ ಕರೆಗೆ 1.40, ಎಸ್‌ಟಿಡಿಗೆ 2.40. ಹೊರಹೋಗುವ ಸ್ಥಳೀಯ ಕರೆಗಿಂತ ಒಳಬರುವ ಕರೆಯೇ ದುಬಾರಿ!

ಇದರ ಭಾರ ಗಡಿಯುದ್ದಕ್ಕೂ ಇತ್ತು. ಕಾಸರಗೋಡಿನ ಕನ್ನಡಿಗರು ಚಿಕಿತ್ಸೆಗೆ, ಕಾಲೇಜಿಗೆ ಮಂಗಳೂರಿಗೆ ಬಂದರೆ ಕೇರಳ ವೃತ್ತದಿಂದ ಕರ್ನಾಟಕ ವೃತ್ತಕ್ಕೆ ಬಂದಂತೆ. ಹೊಸೂರಿನಿಂದ ಬೆಂಗಳೂರಿನ ಕಾರ್ಖಾನೆಗೆ ದಿನವೂ ಬರುವ ನೌಕರ ದಿನವೂ ತಮಿಳುನಾಡು ವೃತ್ತ ಬಿಟ್ಟು ಬರುತ್ತಿದ್ದ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಮನೆಗಳಿಗೆ ವಿಜಯಪುರ, ಕಲಬುರಗಿಯ ನೆಂಟರು ಹೊರವೃತ್ತದವರು. ರಾಯದುರ್ಗ, ಆಲೂರು ಮತ್ತು ಆದವಾನಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಆಗ ಬೇರೆಯಾದದ್ದು ಆಡಳಿತ, ಬೀಗತನಗಳು ಬೇರೆಯಾಗಿರಲಿಲ್ಲ. ಅರ್ಧ ಶತಮಾನದ ನಂತರ ಬಂದ ಮೊಬೈಲು ಆ ಗೆರೆಗೆ ನಿಮಿಷದ ಲೆಕ್ಕದಲ್ಲಿ ಬೆಲೆ ಕಟ್ಟಿತು.

ಜನ ತಮ್ಮದೇ ಉಪಾಯಗಳನ್ನು ಕಂಡುಕೊಂಡರು. ಎರಡು ರಾಜ್ಯದ ಎರಡು ಸಿಮ್ ಇಟ್ಟುಕೊಂಡು ಗಡಿ ದಾಟುವಾಗ ಬದಲಾಯಿಸುವುದು, ಮಿಸ್ಡ್ ಕಾಲ್ ಕೊಟ್ಟು ಸುದ್ದಿ ತಿಳಿಸುವುದು, ಕಾಯಿನ್ ಬೂತಿಗೆ ಹೋಗುವುದು. ಎರಡು ಸಿಮ್ಮಿನ ಫೋನುಗಳು ಬಂದಾಗ ಗಡಿನಾಡಿನವರಿಗೆ ಅವು ಷೋಕಿಯ ವಸ್ತುಗಳಾಗಿರಲಿಲ್ಲ.

ಸಮುದ್ರದಾಚೆ ನಿಜವಾದ ಅಡ್ಡಿ

ದೇಶದೊಳಗೆ ಇದ್ದದ್ದು ಲೆಕ್ಕದ ಅಡ್ಡಿ ಮಾತ್ರ. ಸಮುದ್ರ ದಾಟಿದವರಿಗೆ ಅಲೆಯ ಅಡ್ಡಿಯೂ ಎದುರಾಯಿತು.

1980ರ ದಶಕದಲ್ಲಿ ಯೂರೋಪಿನ ಒಂದೊಂದು ದೇಶಕ್ಕೂ ಒಂದೊಂದು ಬಗೆಯ ಮೊಬೈಲ್ ಪದ್ಧತಿ ಇತ್ತು. ಸ್ವೀಡನ್, ನಾರ್ವೆಯ ಕಡೆ ಒಂದು, ಬ್ರಿಟನ್ನಿನಲ್ಲಿ ಇನ್ನೊಂದು, ಜರ್ಮನಿಯಲ್ಲಿ ಮತ್ತೊಂದು, ಫ್ರಾನ್ಸಿನಲ್ಲಿ ಮಗುದೊಂದು. ಕಾರಿನಲ್ಲಿ ಗಡಿ ದಾಟಿದರೆ ಫೋನು ಬರೀ ಡಬ್ಬಿ. ಇದನ್ನು ಸರಿಪಡಿಸಲು 1982ರಲ್ಲಿ ಯೂರೋಪಿನ ಅಂಚೆ ಮತ್ತು ದೂರಸಂಪರ್ಕ ಆಡಳಿತಗಳು ಸೇರಿ ಒಂದು ಅಧ್ಯಯನ ತಂಡವನ್ನು ರಚಿಸಿದವು. ಅದರಿಂದ ಹುಟ್ಟಿದ್ದು ಜಿಎಸ್‌ಎಂ. 1987ರಲ್ಲಿ ಕೋಪನ್‌ಹೇಗನ್ನಿನಲ್ಲಿ 13 ದೇಶಗಳು ಇದಕ್ಕೆ ಸಹಿ ಹಾಕಿದವು. 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಮೊದಲ ಕರೆ ನಡೆಯಿತು. ಮರುವರ್ಷ ಫಿನ್ಲೆಂಡ್ ಮತ್ತು ಬ್ರಿಟನ್ ಕಂಪನಿಗಳ ನಡುವೆ ಮೊದಲ ಅಂತರರಾಷ್ಟ್ರೀಯ ರೋಮಿಂಗ್ ಒಪ್ಪಂದವಾಯಿತು. ಫೋನು ಬೇರೆ, ಗುರುತು ಬೇರೆ ಎಂದು ಸಿಮ್ ಕಾರ್ಡನ್ನು ಪ್ರತ್ಯೇಕಿಸಿದ್ದು ಈ ಪದ್ಧತಿಯ ದೊಡ್ಡ ಜಾಣತನ.

ಭಾರತ ಜಿಎಸ್‌ಎಂ ಆರಿಸಿಕೊಂಡಿತು. ಹಾಗಾಗಿ ಬೆಂಗಳೂರಿನ ಫೋನು ದುಬೈ, ಸಿಂಗಪುರ, ಲಂಡನ್ನುಗಳಲ್ಲಿ ಮಾತಾಡಬಲ್ಲದಾಗಿತ್ತು. ಅಮೆರಿಕ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಯಾವ ತಂತ್ರಜ್ಞಾನ ಬಳಸಬೇಕೆಂಬುದನ್ನು ಸರ್ಕಾರ ಕಂಪನಿಗಳ ಇಷ್ಟಕ್ಕೆ ಬಿಟ್ಟಿತು. ಒಂದೇ ಊರಿನಲ್ಲಿ ಮೂರು ಬಗೆಯ ಜಾಲಗಳು ಎದ್ದವು. 1995ರಲ್ಲಿ ಜಿಎಸ್‌ಎಂ ಅಲ್ಲಿಗೆ ಹೋದರೂ ಅದು ನಡೆದದ್ದು 1900 ಮೆಗಾಹರ್ಟ್ಸ್ ತರಂಗಗಳಲ್ಲಿ, ಭಾರತದ್ದು 900. ಆಕಾಶವಾಣಿಯ ಒಂದು ನಿಲ್ದಾಣಕ್ಕೆ ತಿರುಗಿಸಿಟ್ಟ ರೇಡಿಯೋ ಇನ್ನೊಂದು ನಿಲ್ದಾಣವನ್ನು ಹಿಡಿಯದಂತೆ, ಭಾರತದ ಫೋನು ಅಲ್ಲಿ ಕಿವುಡಾಯಿತು. ಕಂಪ್ಯೂಟರುಗಳ ‘2000 ಇಸವಿಯ ತೊಂದರೆ’ಯನ್ನು ನಿವಾರಿಸಲು ಅಮೆರಿಕಕ್ಕೆ ಹಾರಿದ ಎಂಜಿನಿಯರುಗಳಿಗೆ ಊರಿನ ಫೋನು ಪ್ರಯೋಜನಕ್ಕೆ ಬರಲಿಲ್ಲ, ಕಾಲಿಂಗ್ ಕಾರ್ಡುಗಳೇ ಗತಿಯಾದವು. ಮೂರು, ನಾಲ್ಕು ತರಂಗಪಟ್ಟಿಗಳನ್ನು ಹಿಡಿಯುವ ಫೋನುಗಳು ಬಂದ ಮೇಲೆ ಈ ಕಿವುಡು ಹೋಯಿತು.

ಜಪಾನು ಪಿಡಿಸಿ ಎಂಬ ತನ್ನದೇ ಪದ್ಧತಿಯನ್ನು ಕಟ್ಟಿಕೊಂಡಿತ್ತು. ಅಲ್ಲಿ ಜಿಎಸ್‌ಎಂ ಬರಲೇ ಇಲ್ಲ. ದಕ್ಷಿಣ ಕೊರಿಯಾ ಸಿಡಿಎಂಎ ಹಿಡಿಯಿತು. ಭಾರತದಲ್ಲಿಯೂ 2002ರ ಕೊನೆಯಲ್ಲಿ ರಿಲಯನ್ಸ್ ದೊಡ್ಡ ಪ್ರಮಾಣದಲ್ಲಿ ಸಿಡಿಎಂಎ ಸೇವೆ ತಂದಿತು. ಅಗ್ಗದ ಆ ಫೋನುಗಳು ಲಕ್ಷಾಂತರ ಮನೆಗಳಿಗೆ ಮೊದಲ ಫೋನಾದವು. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಸಿಮ್ ಕಾರ್ಡೇ ಇರಲಿಲ್ಲ. ಸಂಖ್ಯೆ ಫೋನಿನ ಹೊಟ್ಟೆಯಲ್ಲೇ ಬೆಸೆದುಕೊಂಡಿತ್ತು. ಅವನ್ನು ಗಲ್ಫ್ ದೇಶಗಳಿಗೆ ಒಯ್ದವರಿಗೆ ಗಡಿಯಾರ ನೋಡಲಷ್ಟೇ ಉಪಯೋಗವಾಯಿತು.

ತರಂಗ ಹೊಂದಿದ ಕಡೆ ಲೆಕ್ಕದ ವಿಚಿತ್ರ ಕಾದಿರುತ್ತಿತ್ತು. ಕರ್ನಾಟಕದ ಸಿಮ್ ಇಟ್ಟುಕೊಂಡ ಇಬ್ಬರು ಗೆಳೆಯರು ದುಬೈನ ಒಂದೇ ಬೀದಿಯಲ್ಲಿ ನಿಂತು ಪರಸ್ಪರ ಕರೆ ಮಾಡಿದರೆನ್ನೋಣ. ಕರೆ ದುಬೈನಿಂದ ಭಾರತಕ್ಕೆ ಹೋಗಿ, ಅಲ್ಲಿಂದ ಮತ್ತೆ ದುಬೈಗೆ ಬರುತ್ತಿತ್ತು. ಕೂಗಿದರೆ ಕೇಳುವ ದೂರಕ್ಕೆ ಎರಡು ಅಂತರರಾಷ್ಟ್ರೀಯ ಕರೆಗಳ ಖರ್ಚು. ಒಂದು ಮಾಡಿದವನಿಗೆ, ಇನ್ನೊಂದು ತೆಗೆದುಕೊಂಡವನಿಗೆ.

ಗೋಡೆ ಬಿದ್ದ ವರ್ಷ

2012ರ ರಾಷ್ಟ್ರೀಯ ದೂರಸಂಪರ್ಕ ನೀತಿ ದೇಶದೊಳಗೆ ಉಚಿತ ರೋಮಿಂಗನ್ನು ಗುರಿಯಾಗಿ ಘೋಷಿಸಿತು. ದರದ ಮಿತಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ಒಳಬರುವ ಕರೆಗೆ 2013ರ ಜುಲೈಯಲ್ಲಿ ನಿಮಿಷಕ್ಕೆ 75 ಪೈಸೆ, 2015ರ ಮೇ ತಿಂಗಳಲ್ಲಿ 45 ಪೈಸೆ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ತನ್ನ ಗ್ರಾಹಕರಿಗೆ ರೋಮಿಂಗಿನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. ಮರು ತಿಂಗಳು, ಸಂಖ್ಯೆ ಬದಲಿಸದೆ ಬೇರೆ ವೃತ್ತಕ್ಕೆ ವರ್ಗಾಯಿಸಿಕೊಳ್ಳುವ ಸೌಲಭ್ಯ ದೇಶದಾದ್ಯಂತ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ರೋಮಿಂಗ್ ಶುಲ್ಕವಿಲ್ಲದೆ ಸೇವೆ ಆರಂಭಿಸಿತು. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿತು. ಅದೇ ವರ್ಷ ಜೂನ್ 15ರಿಂದ ಯೂರೋಪಿನ ಒಕ್ಕೂಟವೂ ತನ್ನ ದೇಶಗಳ ನಡುವಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟಿತು.

ಗಮನಿಸಬೇಕಾದದ್ದು ಇಲ್ಲಿದೆ. ಈ ಬದಲಾವಣೆಗಾಗಿ ರಾಂಪುರದ ರಸ್ತೆಯಲ್ಲಿ ಹೊಸ ಗೋಪುರ ನೆಡಬೇಕಾಗಲಿಲ್ಲ, ಹೊಸ ಫೋನು ಕೊಳ್ಳಬೇಕಾಗಲಿಲ್ಲ. ಅಲೆಗಳು ಮೊದಲಿನಂತೆಯೇ ಗಡಿ ದಾಟಿಕೊಂಡಿದ್ದವು. ಬದಲಾದದ್ದು ನಿಯಂತ್ರಕರ ಆದೇಶ ಮತ್ತು ಕಂಪನಿಗಳ ಪೈಪೋಟಿ. ವೃತ್ತಗಳು ಅಳಿಯಲಿಲ್ಲ, ಪರವಾನಗಿಯ ಕಡತಗಳಲ್ಲಿ ಹಾಗೆಯೇ ಉಳಿದವು. ಪ್ರಯಾಣಿಕನಿಗೆ ಮಾತ್ರ ಕಾಣಿಸದಾದವು. ಬರ್ನ್ ನಗರದಲ್ಲಿ ಕಾಗದಗಳಿಗೆ ಸಿಕ್ಕ ನ್ಯಾಯ ಮಾತಿಗೆ ಸಿಗಲು 143 ವರ್ಷಗಳು ಬೇಕಾದವು.

ಹೊಸ ಕಾಲದ ಹೊಂದಾಣಿಕೆ

ಸಮಸ್ಯೆ ಮುಗಿಯಿತೆಂದು ತಿಳಿಯುವಂತಿಲ್ಲ. ಹಳೆಯ ಜಾಲಗಳನ್ನು ಮುಚ್ಚಿ ತರಂಗಗಳನ್ನು ಹೊಸ ಸೇವೆಗೆ ಬಳಸುವ ಕೆಲಸ ಲೋಕದೆಲ್ಲೆಡೆ ನಡೆದಿದೆ. ಜಪಾನಿನಲ್ಲಿ 2012ರಲ್ಲಿ ಪಿಡಿಸಿ ನಿಂತಿತು. ಸಿಂಗಪುರದಲ್ಲಿ 2017ರಲ್ಲಿ 2ಜಿ ನಿಂತಿತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲಗಳನ್ನು ಮುಚ್ಚಿದವು. 4ಜಿ ಜಾಲ ಮೂಲತಃ ಮಾಹಿತಿ ಸಾಗಿಸಲು ಕಟ್ಟಿದ್ದು; ಅದರಲ್ಲಿ ಮಾತಾಡಲು ‘ವೋಲ್ಟಿ’ ಎಂಬ ಪ್ರತ್ಯೇಕ ಏರ್ಪಾಡು ಬೇಕು. ಆ ಏರ್ಪಾಡು ಫೋನಿನಲ್ಲಿರಬೇಕು, ತವರಿನ ಕಂಪನಿಯಲ್ಲಿರಬೇಕು, ಅತಿಥಿ ಕಂಪನಿಯಲ್ಲಿರಬೇಕು, ಮೂವರಿಗೂ ಒಪ್ಪಂದವಿರಬೇಕು. ಒಂದು ಕೊಂಡಿ ಕಳಚಿದರೂ ಸಿಗ್ನಲ್ ತುಂಬಿದ ಫೋನಿನಲ್ಲಿ ಮಾತು ಹೊರಡದು.

ಮಕ್ಕಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಂದೆತಾಯಿಗಳ ಗುಂಡಿಯೊತ್ತುವ 2ಜಿ ಫೋನು ಈಗ ಅಲ್ಲಿ ಮೂಲೆ ಸೇರುತ್ತದೆ. ಆದರೆ ಊರಿನ ಸಂಖ್ಯೆಯನ್ನು ಬಿಡುವಂತೆಯೂ ಇಲ್ಲ. ಪಿಂಚಣಿ ಬರುವ ಬ್ಯಾಂಕಿನ ಒಟಿಪಿ ಬರುವುದು ಅದೇ ಸಂಖ್ಯೆಗೆ. ಫೋನಿನ ಸಂಖ್ಯೆ ಈಗ ಮಾತಿನ ಸಾಧನ ಮಾತ್ರವಲ್ಲ, ಮನುಷ್ಯನ ಗುರುತಿನ ಚೀಟಿ. ಅಮೆರಿಕ, ಬ್ರಿಟನ್, ಸಿಂಗಪುರ, ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 10 ದೇಶಗಳ ಸಂಖ್ಯೆಗಳಿಂದಲೂ ಅನಿವಾಸಿ ಭಾರತೀಯರು ಯುಪಿಐ ಬಳಸಬಹುದೆಂದು 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮ ಅನುಮತಿಸಿದ್ದು ಈ ಇಕ್ಕಟ್ಟಿನ ಕಾರಣದಿಂದಲೇ.

ಜೀವಕ್ಕೇ ಸಂಬಂಧಿಸಿದ ಪ್ರಶ್ನೆಯೊಂದು ಆಸ್ಟ್ರೇಲಿಯಾದಲ್ಲಿ ಎದ್ದಿತು. 2024ರ ಅಕ್ಟೋಬರ್ 28ರಿಂದ ಅಲ್ಲಿ ಉಳಿದಿದ್ದ 3ಜಿ ಜಾಲಗಳನ್ನು ಮುಚ್ಚತೊಡಗುವ ಮೊದಲೇ, ಮಾಮೂಲು ಕರೆಗೆ 4ಜಿ ಬಳಸುತ್ತಿದ್ದ ಕೆಲವು ಫೋನುಗಳು ತುರ್ತು ಸಂಖ್ಯೆಯಾದ 000ಕ್ಕೆ ಮಾತ್ರ 3ಜಿಯನ್ನೇ ನಂಬಿಕೊಂಡಿದ್ದದ್ದು ತಿಳಿದುಬಂತು. ಅಂಥ ಫೋನುಗಳಿಗೆ ಸೇವೆ ಕೊಡಕೂಡದೆಂದು ಅಲ್ಲಿನ ಕಂಪನಿಗಳಿಗೆ ನಿಯಮವಾಯಿತು. ಬೇರೆ ದೇಶದಲ್ಲಿ ಕೊಂಡು ತಂದ ಫೋನುಗಳನ್ನು ನೆಚ್ಚಿದ್ದ ವಲಸಿಗರು ತಮ್ಮ ಫೋನನ್ನು ಪರೀಕ್ಷಿಸಿಕೊಳ್ಳಬೇಕಾಯಿತು. ದಿನದ ಮಾತಿಗೆ ಒದಗುವ ಫೋನು ಆಂಬುಲೆನ್ಸ್ ಕರೆಯುವ ಹೊತ್ತಿಗೆ ಕೈಕೊಡಬಹುದೆಂಬುದು ಹೊಂದಾಣಿಕೆಯಿಲ್ಲದ ಜಾಲಗಳು ಒಡ್ಡುವ ಅತಿ ದೊಡ್ಡ ಅಪಾಯ.

ಬ್ರಹ್ಮಗಿರಿಯ ಲಿಪಿಕಾರನ ಖರೋಷ್ಠಿ ಪದದಿಂದ ನಷ್ಟವೇನೂ ಆಗಲಿಲ್ಲ. ರಾಜಾಜ್ಞೆ ಬ್ರಾಹ್ಮಿಯಲ್ಲಿತ್ತು, ಓದಬೇಕಾದವರು ಓದಿಕೊಂಡರು. ತುರ್ತು ಕರೆಯ ವಿಷಯದಲ್ಲಿ ಆ ಸಮಾಧಾನವಿಲ್ಲ. ಅಲೆಗಳ ಭೇದವನ್ನು ಎಂಜಿನಿಯರುಗಳು ನಾಲ್ಕು ತರಂಗಪಟ್ಟಿಯ ಫೋನಿನಿಂದ ಗೆದ್ದರು. ಲೆಕ್ಕದ ಭೇದ ಒಂದು ಆದೇಶ, ಒಂದು ಪೈಪೋಟಿಯಿಂದ ಹೋಯಿತು. ಮುಂದಿನ ಜಾಲ ಕಟ್ಟುವವರು ಹಳೆಯದನ್ನು ಮುಚ್ಚುವ ಮೊದಲು ಅತಿಥಿಯ ಫೋನೂ ಆಪತ್ತಿನಲ್ಲಿ ಮಾತಾಡುವುದೇ ಎಂದು ನೋಡಿಕೊಳ್ಳುವುದು ಸಾಧ್ಯವಿಲ್ಲದ ಕೆಲಸವೇನಲ್ಲ. ಬಳ್ಳಾರಿಯ ದಾರಿಯಲ್ಲಿ ಡಿ. ಹಿರೇಹಾಳ್ ದಾಟುವ ಬಸ್ಸಿನಲ್ಲಿ ಇಂದು ಫೋನು ರಿಂಗಣಿಸಿದರೆ, ಕರೆನ್ಸಿಯ ಚಿಂತೆಯಿಲ್ಲದೆ ಜನ ಅದನ್ನು ಎತ್ತಿಕೊಳ್ಳುತ್ತಾರೆ.